ವರಾಂಡಕ್ಕೆ ಹೋದ ಸ್ಯಾಕ್ಸೊಫೋನು

ಜನವರಿಯ ಒಂದು ಭಾನುವಾರ, ಮುಂಜಾನೆ ಹತ್ತು ಗಂಟೆ. ದಾಂಡೇಲಿಯ ಹಳೆಯ ಕ್ಲಬ್ಬಿನ ಹಾಲ್‌ನಲ್ಲಿ ಇದ್ದವರು ಮೂವರು: ಪಿಯಾನೊ ಮುಂದೆ ನಾನು, ಸ್ಯಾಕ್ಸೊಫೋನು ಹಿಡಿದು ನಿಂತ ಹಳಿಯಾಳದ ಬ್ಯಾಂಡ್ ಮಾಸ್ತರು, ಕಿಟಕಿಯ ಹತ್ತಿರ ಡಬ್ಬಿ ಇಟ್ಟುಕೊಂಡು ಕುಳಿತ ಅವರ ಹೆಂಡತಿ. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ.

ಮಾಸ್ತರ ಮುಂದಿನ ಮೇಲ್ಹಲ್ಲುಗಳು ಅಲುಗಾಡುತ್ತಿದ್ದವು. ಮರುದಿನ ಹುಬ್ಬಳ್ಳಿಯ ದಂತವೈದ್ಯರು ಅವನ್ನು ಕೀಳುವವರಿದ್ದರು. ಸ್ಯಾಕ್ಸೊಫೋನಿನ ಊದುವ ತುದಿ ನಿಲ್ಲುವುದೇ ಆ ಹಲ್ಲುಗಳ ಆಸರೆಯಲ್ಲಿ. ಕಟ್ಟಿಸಿದ ಹಲ್ಲಿನಿಂದ ಅದೇ ನಾದ ಬಂದೀತೆಂದು ಯಾರೂ ಭರವಸೆ ಕೊಟ್ಟಿರಲಿಲ್ಲ. ಮಳೆಗಾಲದಿಂದ ನಾವಿಬ್ಬರೂ ಕಲಿಯುತ್ತ ಬಂದಿದ್ದ ರಚನೆಯ ನಿಧಾನದ ಭಾಗವನ್ನು, ಹಲ್ಲು ಕೀಳಿಸುವ ಮುಂಚೆ ಒಮ್ಮೆಯಾದರೂ ಕೊನೆಯವರೆಗೆ ನುಡಿಸಬೇಕೆಂಬುದು ಅವರ ಆಸೆ.

ಅದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ. ಆದರೆ ಒಳಗೆ ಜಾಝ್ ಸೇರಿಕೊಂಡಿದೆ. ಪಿಯಾನೊ ತಾಳ ಇಟ್ಟ ಮೇಲೆ ಸ್ಯಾಕ್ಸೊಫೋನು ನಿದ್ದೆಯಿಂದ ಎದ್ದವರ ಹಾಗೆ ತುಸು ತಡವಾಗಿ ಬರುತ್ತದೆ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಹಾಗೆ ತಡವಾದರೆ ಬೆರಳಿನ ಗೆಣ್ಣಿಗೆ ಫೂಟುಪಟ್ಟಿ ಬೀಳುತ್ತಿತ್ತು. ಕಲಿಯುವಾಗ ಮಾಸ್ತರ ಭಾಗವನ್ನೂ ನಾನೇ ಪಿಯಾನೊದಲ್ಲಿ ಬಾರಿಸುತ್ತಿದ್ದೆ. ಅವರು ಕೇಳಿ ಹಿಡಿಯುತ್ತಿದ್ದರು.

ಆ ದಿನ ಎರಡು ಸಲ ಶುರು ಮಾಡಿದರೂ ಅರ್ಧದಲ್ಲೇ ಅವರ ಉಸಿರು ತುಂಡಾಯಿತು. ಮತ್ತೆ ಮೊದಲಿಂದ ಎಂದೆ. ಮಾಸ್ತರು ವಾದ್ಯ ಕೆಳಗಿಳಿಸಿದರು. ಆಗ ಅವರ ಹೆಂಡತಿ ಬಾಯಿ ಬಿಟ್ಟರು.

"ನಿಂತು ಎಂದ್ ನುಡಿಸ್ಯಾರ್ರೀ ಇವ್ರು? ಮದುವಿ ಮೆರವಣಿಗ್ಯಾಗ ನಡಕೋತ ನುಡಿಸಿದ ಮಂದಿ. ಮನ್ಯಾಗೂ ಅಡಗಿಮನಿಯಿಂದ ಅಂಗಳಕ್ಕ ಊದಕೋತ ತಿರಗ್ತಾರ. ನನ್ನ ತಲಿ ತಿನ್ನಾಕ ಮಾತ್ರ ಒಂದ ಕಡೆ ಕುಂದರ್ತಾರ."

ಮಾಸ್ತರು ನಕ್ಕರು. "ಅಕ್ಕಾರ ಮುಂದ ಅಡ್ಡಾಡೂದು ಹೆಂಗ?"

ನಾನು ಟೀಚರಾಗಿದ್ದ ಶಾಲೆಯಿಂದ ನಿವೃತ್ತಳಾಗಿ ಬಹಳ ವರ್ಷವಾಯಿತು. ಆದರೂ ನಾನು ಅವರಿಗೆ ಅಕ್ಕಾರೇ.

"ಅಡ್ಡಾಡ್ರಿ ಮಾಸ್ತರ," ಎಂದೆ. "ನಾ ನಿಮ್ಮ ಹಿಂದ ಬರ್ತೇನಿ."

ಅವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದರು. ಮದುಮಗನ ಕುದುರೆಯ ಮುಂದೆ ನಡೆಯುವ ಹಾಗೆ ನಿಧಾನ. ಉಸಿರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮೊದಲು ಅವರ ಹಿಮ್ಮಡಿಯ ಸದ್ದು ಕೇಳಿ ತಾಳ ಹಿಡಿದೆ. ಅವರು ವರಾಂಡಕ್ಕೆ ಇಳಿದ ಮೇಲೆ ಆ ಸದ್ದೂ ಇಲ್ಲ. ಮಂಜಿನೊಳಗಿಂದ ಸ್ವರ ಮಾತ್ರ ಬರುತ್ತಿತ್ತು, ಯಾವುದೋ ಮೆರವಣಿಗೆ ಪಕ್ಕದ ಓಣಿಯಲ್ಲಿ ಹೊರಟಂತೆ. ಒಮ್ಮೆ ಹತ್ತಿರ, ಒಮ್ಮೆ ಊರಾಚೆಯ ಅಂಬೇವಾಡಿಯ ಕಡೆ ಹೋಗಿಬಿಟ್ಟಷ್ಟು ದೂರ. ಅದು ಬರುವವರೆಗೆ ನನ್ನ ಬೆರಳು ಕಾದವು. ಮನಸ್ಸಿನಲ್ಲಿ ಒಂದು ಎರಡು ಮೂರು ಎನ್ನುವುದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಹಾಲ್ ತೇಲುತ್ತಿರುವಂತೆ, ನಾನೂ ಅದರೊಂದಿಗೆ ಸಾಗಿದಂತೆ ಅನ್ನಿಸಿತು.

ಕೊನೆಯ ದೀರ್ಘ ಸ್ವರಕ್ಕೆ ಪಿಯಾನೊ ಇಲ್ಲ. ಕೈ ತೊಡೆಯ ಮೇಲಿಟ್ಟು ಕೇಳಿದೆ. ವರಾಂಡದ ಆ ತುದಿಯಲ್ಲಿ ಅದು ತೆಳ್ಳಗಾಗುತ್ತ ಹೋಯಿತು.

ಮಾಸ್ತರು ಬಾಗಿಲಲ್ಲಿ ಕಾಣಿಸಿಕೊಂಡರು. "ಮುಗೀತಲ್ರಿ, ಅಕ್ಕಾರ?"

"ಪೂರಾ ಮುಗೀತು."

ಅವರು ವಾದ್ಯದ ಒಳಗೆಲ್ಲ ಬಟ್ಟೆ ಎಳೆದು ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿದರು. ಡಬ್ಬಿಯಲ್ಲಿದ್ದ ಉಪ್ಪಿಟ್ಟು ಅವರಿಗೆಂದೇ ಮೆತ್ತಗೆ ಮಾಡಿದ್ದು, ಮೂವರೂ ತಿಂದೆವು. ಅವರನ್ನು ಹಳಿಯಾಳದ ಬಸ್ಸಿಗೆ ಕಳಿಸಿ ಬಂದು ಪಿಯಾನೊಕ್ಕೆ ಹೊದಿಕೆ ಹಾಕಿದೆ, ಕಿಟಕಿಗಳ ಅಗಳಿ ಇಕ್ಕಿದೆ, ಕೀಲಿಯನ್ನು ವಾಚ್‌ಮನ್ ಕೈಗೆ ಕೊಟ್ಟೆ.