ಎಮ್ಮಾ ದೊರೆಸಾನಿ ಹೋದ ದಾರಿ

ಇಂಗ್ಲಿಷ್ ಪಾಠದಲ್ಲಿ ನಾನು 'ಹೌಸ್' ಎನ್ನುವ ಬದಲು 'ಔಸ್' ಎಂದರೆ ಎಮ್ಮಾ ದೊರೆಸಾನಿ ಬಿಡುತ್ತಿರಲಿಲ್ಲ, ಹಕಾರ ಹೊರಡುವವರೆಗೆ ಹೇಳಿಸುತ್ತಿದ್ದರು. ಕನ್ನಡಕ್ಕೆ ಬಂದರೆ ಅವರೇ 'ಔದು', 'ಇಂಗೆ', 'ಓಗ್ಬುಟ್ಟು ಬಾ'. ನಮ್ಮೂರು ಶೆಟ್ಟಿಹಳ್ಳಿಯ ಹಾಲು ಮಾರುವ ಹೆಂಗಸರಿಂದ ಕಲಿತ ಕನ್ನಡ ಅದು. ಅವರ ಹೆಸರೂ ಊರಿನ ಬಾಯಲ್ಲಿ 'ಯಮ್ಮ' ಆಗಿತ್ತು. ಹೆಸರು ಹಿಡಿದು ಕರೆದರೂ ಮರ್ಯಾದೆಗೆ ಕೊರತೆಯಾಗದ ಹೆಂಗಸು ನಾನು ಕಂಡಂತೆ ಅವರೊಬ್ಬರೇ.

ಯುದ್ಧದ ಕಾಲದಲ್ಲಿ ಜಾಲಹಳ್ಳಿಗೆ ನರ್ಸಾಗಿ ಬಂದವರು ವಾಪಸು ಹೋಗದೆ ನಮ್ಮೂರಲ್ಲೇ ಮನೆ ಮಾಡಿ ಉಳಿದರು. ನಾನು ಊರಿಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ಕೊನೆಗೆ. ಅರ್ಧಕ್ಕೆ ನಿಂತಿದ್ದ ಎಸ್ಸೆಸ್ಸೆಲ್ಸಿ ಮುಗಿಸುತ್ತೇನೆಂದು ಹಟ ಹಿಡಿದಾಗ ಅತ್ತೆಯೇ ಅವರ ಹತ್ತಿರ ಪಾಠಕ್ಕೆ ಕಳಿಸಿದರು. ಅಲ್ಲಿ ಪಾಠಕ್ಕಿಂತ ಅವರೂರಿನ ಮಾತೇ ಜಾಸ್ತಿ. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ಏಳೆಂಟು ಮನೆ, ಒಂದು ಹಳ್ಳ, ಹಳ್ಳದ ನೀರಿಗೆ ತಿರುಗುವ ಹಿಟ್ಟಿನ ಗಿರಣಿ, ಇಷ್ಟೇ ಊರು.

"ಚರ್ಚ್ ಇಲ್ದಿದ್ರೆ ನಮ್ ಕಡೆ ಅಳ್ಳಿ ಅಂತ್ಲೂ ಅನ್ನಕಿಲ್ಲ ಕಣವ್ವ. ದೊಡ್ಡೂರ್ಗೆ ಸೇರ್ದ ನಿಮ್ಮ ಮಜರೆ ಇದ್ದಂಗೆ," ಎನ್ನುತ್ತಿದ್ದರು. ಯಾರಾದರೂ ಸತ್ತರೆ ಜಮೀನ್ದಾರನ ಹುಲ್ಲುಗಾವಲು ದಾಟಿ ಆಚೆ ಊರಿಗೆ ಹೆಣ ಹೊರಬೇಕು. ಅವರಜ್ಜನ ಕಾಲದಲ್ಲಿ ಆ ಜಮೀನ್ದಾರ ದಾರಿ ಮುಚ್ಚಲು ಹೊರಟನಂತೆ. "ಎಣ ಓದ್ ದಾರೀನ ಯಾರೂ ಮುಚ್ಚಂಗಿಲ್ಲ ಅಂದ್ರು ಊರೋರು. ಸುಮ್ಕಾದ."

ನಮ್ಮಲ್ಲೂ ಅದೇ ಪಾಡು ಬಂತು. ಜಾಲಹಳ್ಳಿ ರಸ್ತೆಗೆ ಹೋಗುವ ಕಾಲುದಾರಿ ನಂಜೇಗೌಡರ ಹೊಲದಲ್ಲಿತ್ತು. ಗೌಡರು ದ್ರಾಕ್ಷಿ ಹಾಕಿ ಮುಳ್ಳುಬೇಲಿ ಎಳೆದರು. ಫ್ಯಾಕ್ಟರಿಗೆ ಹೋಗುವವರು, ಶಾಲೆ ಮಕ್ಕಳು, ದಿನ ತುಂಬಿದ ಬಸುರಿಯರು ಎಲ್ಲ ಕೆರೆಯ ಏರಿ ಮೇಲೆ ಸುತ್ತಿ ಹೋಗಬೇಕಾಯಿತು. ಮಳೆ ಬಂದರೆ ಅಲ್ಲಿ ಜಾರಿ ಬೀಳದವರಿಲ್ಲ. ಯಮ್ಮ ನೇರ ಗೌಡರ ಹತ್ತಿರ ಹೋಗಿ ತಮ್ಮೂರಿನ ಕಾನೂನು ಹೇಳಿದರು. ಗೌಡರಿಗೆ ನಗು ಬಂತು.

"ಅದು ನಿಮ್ಮೂರ್ ಮಾತಾಯ್ತು ಯಮ್ಮ. ನಮ್ ಮಸಣ ಕೆರೆ ಆಚೆ ಐತೆ. ನನ್ನೊಲದ ಮ್ಯಾಲೆ ಯಾವ್ ಎಣನೂ ಓಗಿಲ್ಲ."

"ನನ್ ಮಸಣ ಬೆಂಗ್ಳೂರಾಗೈತೆ ಗೌಡ್ರೆ. ನನ್ನ ಇಂಗೇ ಒತ್ಕೊಂಡೋಗ್ಲಿ," ಎಂದರು ಯಮ್ಮ.

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಬೇಲಿ ಮಾತ್ರ ಹಾಗೇ ಇತ್ತು.

ನನ್ನ ಪರೀಕ್ಷೆ ಹತ್ತಿರ ಬಂದಾಗ ಅವರು ಜ್ವರದಲ್ಲಿ ತೀರಿಕೊಂಡರು. ಚರ್ಚಿನವರ ವ್ಯಾನು ಜಾಲಹಳ್ಳಿ ರಸ್ತೆಯಲ್ಲಿ ನಿಂತಿತ್ತು. ಪೆಟ್ಟಿಗೆ ಹೊತ್ತ ನಮ್ಮೂರ ಗಂಡಸರು ಯಾರನ್ನೂ ಕೇಳದೆ ತೋಟದ ಕಡೆ ತಿರುಗಿದರು. ಬೇಲಿಯ ಹತ್ತಿರ ಗೌಡರು ನಿಂತಿದ್ದರು. ಜಗಳವಾಗಿ ಪೆಟ್ಟಿಗೆ ನೆಲಕ್ಕಿಳಿದೀತೆಂದುಕೊಂಡೆ. ಗೌಡರು ಚಪ್ಪಲಿ ಬಿಟ್ಟು, ಬರಿಗೈಯಲ್ಲಿ ಮುಳ್ಳು ಎಳೆದು ಪಕ್ಕಕ್ಕೆ ಹಾಕಿದರು. ಆಮೇಲೆ ಆ ದಾರಿಯನ್ನು ಯಾರೂ ಮತ್ತೆ ಮುಚ್ಚಲಿಲ್ಲ.

ಪರೀಕ್ಷೆಯ ದಿನ ಆ ದಾರಿಯಲ್ಲೇ ಹೊರಟೆ. ಬಳ್ಳಿಗಳ ನಡುವೆ ಅರ್ಧ ದೂರ ಹೋಗುವಷ್ಟರಲ್ಲಿ ದುಃಖ ತಡೆಯಲಾಗದೆ ಕುಳಿತು ಅತ್ತುಬಿಟ್ಟೆ. ನೀರು ಕಟ್ಟುತ್ತಿದ್ದ ಗೌಡರು ಗುದ್ದಲಿ ಬಿಟ್ಟು ಬಂದರು.

"ಏಳವ್ವ, ಒತ್ತಾಯ್ತದೆ," ಎಂದರು. "ಯಮ್ಮ ಬಯ್ತಾರೆ."