ಮರುಚಪ್ಪಾಳೆ

ನಮ್ಮ ಮೇಷ್ಟ್ರು ಬೆತ್ತ ಹಿಡಿದವರಲ್ಲ. ತರಗತಿಯಲ್ಲಿ ಗದ್ದಲ ಏರಿದರೆ ಎರಡು ಚಪ್ಪಾಳೆ ತಟ್ಟುತ್ತಿದ್ದರು. ನಾವೆಲ್ಲ ತಿರುಗಿ ಎರಡು ತಟ್ಟಿ ಬಾಯಿ ಮುಚ್ಚಬೇಕು. ಮುಚ್ಚದಿದ್ದರೆ, "ಇದೇನು ಪಿರಿಯಾಪಟ್ಟಣದ ಸಂತೆ ಏನ್ರೋ?" ಎಂದು ಮತ್ತೆ ತಟ್ಟುತ್ತಿದ್ದರು.

ಹೊಗೆಸೊಪ್ಪು ಕೊಯ್ಲಿಗೆ ಬಂತೆಂದರೆ ಬೆಂಚುಗಳು ಬರಿದಾಗುತ್ತಿದ್ದವು. ಮಕ್ಕಳು ಸೊಪ್ಪು ಕಾಯಿಸಿ ಒಣಗಿಸುವ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರು. ಮೇಷ್ಟ್ರು ಮನೆಮನೆಗೆ ಹೋಗಿ ಕರೆದರೆ ಹೆತ್ತವರು, "ಕಿತ್ತ ಸೊಪ್ಪು ಕಾಯ್ಕಂಡ್ ಕೂತಿರ್ತದಾ ಮೇಷ್ಟ್ರೇ? ಇಸ್ಕೂಲೇನ್ ಓಡೋಯ್ತದಾ, ಬುಡಿ" ಅನ್ನುತ್ತಿದ್ದರು.

ಅಂಥದ್ದೊಂದು ದಿನ ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ದರ್ಜಿಯ ಮಗಳಾದ ನಾನು, ಹೊಲವಿಲ್ಲದ ಮನೆಯ ಇನ್ನು ಕೆಲವರು, ಅಷ್ಟೇ ಕೂತಿದ್ದೆವು. ಖಾಲಿ ಬೆಂಚುಗಳು ಅವರ ಕಣ್ಣಿಗೆ ಬೀಳಲಿಲ್ಲವೋ, ಬೀಳುವುದು ಬೇಕಿರಲಿಲ್ಲವೋ.

"ಭೇಷ್! ಒಂದು ಸದ್ದಿಲ್ಲ. ಶಿಸ್ತು ಅಂದ್ರೆ ಇದು ಕಣ್ರೀ" ಎಂದರು.

ಮೇಷ್ಟ್ರ ಮುಖ ಕಪ್ಪಿಟ್ಟಿತು. ಖಾಲಿ ಬೆಂಚುಗಳ ಕಡೆ ತಿರುಗಿ ಎರಡು ಚಪ್ಪಾಳೆ ತಟ್ಟಿದರು, ಯಾವತ್ತಿಗಿಂತ ಜೋರಾಗಿ. ಇದ್ದಷ್ಟು ಜನ ನಾವು ತಿರುಗಿ ತಟ್ಟಿದೆವು.

ಇನ್ಸ್‌ಪೆಕ್ಟರು ಅದು ತಮಗೇ ಅಂದುಕೊಂಡು, ನಗುತ್ತಾ ಕೈ ಮುಗಿದರು.