ದೊಡ್ಡವಳ ಸಂಬಳ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ವಾಹನಗಳಿಗೆ ಸೀಟು ಕಟ್ಟುವ ಸೀಟಿನವರು ತಮ್ಮ ಅಂಗಡಿಯಲ್ಲಿ ಶಾಲಾ ವ್ಯಾನೊಂದರ ಸೀಟಿಗೆ ರೆಕ್ಸಿನ್ ಎಳೆಯುತ್ತಿದ್ದರು. ರೆಕ್ಸಿನ್ನನ್ನು ಮೊದಲು ಬಿಸಿಲಿಗೆ ಹರವಬೇಕು. ಬಿಸಿಗೆ ಮೆತ್ತಗಾಗಿ ಹಿಗ್ಗಿದಾಗ ಎಳೆದು ಹಲಗೆಗೆ ಮೊಳೆ ಹೊಡೆದರೆ, ತಣ್ಣಗಾದ ಮೇಲೆ ತಾನೇ ಬಿಗಿದುಕೊಳ್ಳುತ್ತದೆ. ಎರಡು ಕೈಯೂ ಕೆಲಸದಲ್ಲಿ ಸಿಕ್ಕಿಕೊಳ್ಳುವುದರಿಂದ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುವುದು ಅವರ ರೂಢಿ. ಅದರಿಂದ ಇನ್ನೊಂದು ಅನುಕೂಲವೂ ಆಗಿತ್ತು: ಉತ್ತರ ಕೊಡಲು ಮನಸ್ಸಿಲ್ಲದ ಪ್ರಶ್ನೆ ಬಂದರೆ ಡಬ್ಬಿಯಿಂದ ನಾಲ್ಕು ಮೊಳೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಸೀಟಿನವರ ಬಾಯಿಗೆ ಮೊಳೆ ಬಿತ್ತು ಅಂದ್ರೆ ಮಾತು ಮುಗೀತು" ಎಂದು ಬೀದಿಯವರು ನಗುತ್ತಿದ್ದರು.

ಅಂದು ಕೈ ಕೆಲಸದಲ್ಲಿದ್ದರೂ ಕಣ್ಣು ರಸ್ತೆಯ ಮೇಲಿತ್ತು. ಚಿಕ್ಕ ಮಗಳು ಶಾಲೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಅಂಗಡಿಯೊಳಗಿನ ಸ್ಟೂಲಿನ ಮೇಲೆ ಕೂತಿದ್ದಳು. ಹೈಸ್ಕೂಲಿನ ಕೊನೆಯ ವರ್ಷ. ವಿಜ್ಞಾನದ ಮೇಷ್ಟ್ರು ಅರ್ಜಿ ಹಾಕಿಸಿದ್ದ ವಿದ್ಯಾರ್ಥಿವೇತನದ ಪರೀಕ್ಷೆ ಪಾಸಾಗಿತ್ತು, ಸಂದರ್ಶನವೂ ಆಗಿತ್ತು. ಸಿಕ್ಕರೆ ಕಾಲೇಜಿನ ಫೀಸು, ಹಾಸ್ಟೆಲು, ಪುಸ್ತಕ ಎಲ್ಲವೂ ಅದನ್ನು ಕೊಡುವ ಸಂಸ್ಥೆಯದೇ. ಸಿಗದಿದ್ದರೆ ಕಾಲೇಜೇ ಇಲ್ಲ. ಚಿಕ್ಕಪ್ಪನ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಕಾದಿತ್ತು. ಇನ್ನು ಉಳಿದದ್ದು ಒಂದೇ: ಸಂಸ್ಥೆಯವರು ಬಂದು, ಅರ್ಜಿಯಲ್ಲಿ ಬರೆದದ್ದು ನಿಜವೇ ಎಂದು ನೋಡಿಕೊಂಡು ಹೋಗುವುದು.

"ಊರಿಗೆಲ್ಲ ಸೀಟು ಮಾಡಿಕೊಡ್ತೀರಿ, ಮಗಳಿಗೊಂದು ಸೀಟು ಕೊಡಿಸೋಕೆ ಇಷ್ಟು ಪರದಾಟ!" ಎಂದ ವ್ಯಾನಿನ ಡ್ರೈವರ್. ಅವನು ಬಾಗಿಲಲ್ಲಿ ಹಳೆಯ ಟೈರಿನ ಮೇಲೆ ಕೂತು ಸೀಟಿಗಾಗಿ ಕಾಯುತ್ತಿದ್ದ.

ಸೀಟಿನವರಿಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದೆ, ಕಾಲೇಜಿನ ಎರಡನೇ ವರ್ಷದಲ್ಲಿ, ಅವರ ದೊಡ್ಡ ಮಗಳು ನಿದ್ದೆ ಬಿಟ್ಟಳು. ಆಮೇಲೆ ಊಟ ಬಿಟ್ಟಳು. ಕೊನೆಗೆ ಮಾತನ್ನೇ ಬಿಟ್ಟಳು. ಈಗ ಬಸ್ಸಿನಲ್ಲಿ ಎರಡು ಗಂಟೆ ದೂರದ ಮಾನಸಿಕ ಆಸ್ಪತ್ರೆಯಲ್ಲಿದ್ದಳು. ತಾಯಿ ಪ್ರತಿ ಗುರುವಾರ "ತಂಗಿ ಮನೆಗೆ" ಎಂದು ಹೇಳಿ ಅಲ್ಲಿಗೆ ಹೋಗಿಬರುತ್ತಿದ್ದರು. ಬೀದಿಯ ಮಟ್ಟಿಗೆ ದೊಡ್ಡವಳು ದೂರದ ಊರಲ್ಲಿ ಕೆಲಸದಲ್ಲಿದ್ದಳು. ಹಾಗೆಂದು ಹೇಳಿದವರು ಸೀಟಿನವರೇ. ಎಂದಾದರೊಂದು ದಿನ ವಾಸಿಯಾಗಿ ಬರುತ್ತಾಳೆ. ಬಂದಾಗ ಇದೇ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕು. ಹಿಂದಿನಿಂದ ಯಾರೂ ಬೆರಳು ಮಾಡಿ ತೋರಿಸಬಾರದು. ಇಷ್ಟೇ ಅವರ ಲೆಕ್ಕ. "ಇನ್ನು ಕೆಲವೇ ತಿಂಗಳು" ಎಂದು ಡಾಕ್ಟರು ಹೋದ ಗುರುವಾರವಷ್ಟೇ ಹೇಳಿದ್ದರು.

ಅರ್ಜಿಯಲ್ಲಿ ಚಿಕ್ಕವಳು ಇದ್ದದ್ದನ್ನೇ ಬರೆದಿದ್ದಳು: ಅಕ್ಕನಿಗೆ ಹುಷಾರಿಲ್ಲ, ಸಂಪಾದನೆ ಇಲ್ಲ. ಬೀದಿಯವರು ಅರ್ಜಿ ಓದಲು ಬರುತ್ತಾರೆಯೇ ಎಂದುಕೊಂಡು ಸೀಟಿನವರು ಸಹಿ ಹಾಕಿದ್ದರು. ಅರ್ಜಿ ಓದಿದವರು ಬೀದಿಗೆ ಬಂದು ಕೇಳಬಹುದೆಂಬುದು ಹೊಳೆದಿರಲಿಲ್ಲ.

ವಿಚಾರಣೆಗೆ ಬಂದ ಮೇಡಂ ಮೊದಲು ಹೋದದ್ದು ಎದುರಿನ ಹಿಟ್ಟಿನ ಗಿರಣಿಗೆ. ಗಿರಣಿಯವರಿಗೆ ಸೀಟಿನವರೆಂದರೆ ಒಡಹುಟ್ಟಿದ ಅಣ್ಣನಷ್ಟು ಪ್ರೀತಿ. ಗುರುತಿಲ್ಲದ ಹೆಂಗಸೊಬ್ಬರು ಬಂದು "ಎದುರು ಅಂಗಡಿಯವರು ಹೇಗೆ? ಮಕ್ಕಳೆಷ್ಟು? ದೊಡ್ಡ ಮಗಳು ಏನು ಮಾಡ್ತಾಳೆ?" ಎಂದು ಕೇಳಿದ್ದೇ ತಡ, ಇವರು ಹೆಣ್ಣು ಕೇಳಲು ಬಂದವರೇ ಸೈ ಎಂದು ತೀರ್ಮಾನಿಸಿಬಿಟ್ಟರು. ಗಿರಣಿ ನಿಲ್ಲಿಸಿ, ಮೀಸೆಯ ಹಿಟ್ಟು ಒರೆಸಿಕೊಂಡು, ಬಾಯ್ತುಂಬ ಹೊಗಳಿದರು. ಅಷ್ಟು ಸಾಲದೆಂದು ಮೇಡಂ ಹಿಂದೆಯೇ ರಸ್ತೆ ದಾಟಿ ಬಂದರು.

"ಎಲ್ಲ ಹೇಳಿದೀನಿ ಅಣ್ಣ. ಒಂದು ಚೂರೂ ಕಮ್ಮಿ ಮಾಡಿಲ್ಲ" ಎಂದು ಕಣ್ಣು ಮಿಟುಕಿಸಿದರು.

ಮೇಡಂ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ದೊಡ್ಡ ಮಗಳಿಗೆ ಸಂಪಾದನೆ ಇಲ್ಲ ಅಂತ ಬರೆದಿದೀರಿ. ಇವರು ನೋಡಿದ್ರೆ ಕೆಲಸದಲ್ಲಿದಾಳೆ, ತಿಂಗಳಿಗೆ ಮೂವತ್ತೆರಡು ಸಾವಿರ ಸಂಬಳ ಅಂತಾರೆ. ಅಷ್ಟಿದ್ರೆ ಈ ವಿದ್ಯಾರ್ಥಿವೇತನ ನಿಮಗೆ ಬರಲ್ಲ. ಯಾವುದು ನಿಜ?"

"ಇವರೇ ಹೇಳಿದ್ದು ಮೇಡಂ, ನನ್ನ ಕಿವಿಯಾರೆ ಕೇಳಿದೀನಿ" ಎಂದರು ಗಿರಣಿಯವರು. "ಬಾಯಿ ಬಿಡಿ ಅಣ್ಣ! ಸಂಕೋಚ ಪಟ್ಕೊಂಡ್ರೆ ಒಳ್ಳೆ ಸಂಬಂಧ ಕೈತಪ್ಪುತ್ತೆ."

"ಸಂಬಂಧ? ಯಾವ ಸಂಬಂಧ?" ಎಂದರು ಮೇಡಂ.

"ಮಾಮ, ಅವರು ಹೆಣ್ಣು ನೋಡೋಕೆ ಬಂದಿಲ್ಲ" ಎಂದಳು ಚಿಕ್ಕವಳು. "ನನ್ನ ಸ್ಕಾಲರ್‌ಶಿಪ್‌ಗೆ ಬಂದಿರೋದು."

ಗಿರಣಿಯವರ ಮುಖ ಹಿಟ್ಟಿಗಿಂತ ಬೆಳ್ಳಗಾಯಿತು. ಡ್ರೈವರ್ ಟೈರಿನಿಂದ ಎದ್ದು ನಿಂತ. ಊರಿನ ಅರ್ಧ ಮಕ್ಕಳನ್ನು ಮನೆಬಾಗಿಲಿಗೆ ಮುಟ್ಟಿಸುವವನು ಅವನು. ಮಕ್ಕಳ ಜೊತೆಗೆ ಸುದ್ದಿಯನ್ನೂ.

"ಮೇಡಂ, ಒಳಗೆ ಬಂದ್ರೆ..." ಎಂದರು ಸೀಟಿನವರು.

"ಒಳಗೆ ನೀವು ಏನು ಹೇಳಿದ್ರೂ ಪ್ರಯೋಜನ ಇಲ್ಲ. ನೆರೆಯವರು ಹೇಳಿದ್ದಕ್ಕೆ ಅವರದೇ ಸಹಿ ಬೇಕು. ಅವರು ತಿದ್ದಿ ಹೇಳದೆ ನಾನು ಬದಲಾಯಿಸೋ ಹಾಗಿಲ್ಲ."

ಸೀಟಿನವರ ಕೈ ತನ್ನಷ್ಟಕ್ಕೆ ಮೊಳೆಯ ಡಬ್ಬಿಗೆ ಹೋಯಿತು. ನಾಲ್ಕು ಮೊಳೆ ತೆಗೆದುಕೊಂಡಿತು. ಒಬ್ಬಳಿಗೆ ಕಾಲೇಜು ಬೇಕಾದರೆ ಇನ್ನೊಬ್ಬಳ ಮೇಲೆ ಹೊದಿಸಿದ್ದನ್ನು ಎಳೆದು ತೆಗೆಯಬೇಕು.

ಚಿಕ್ಕವಳು ತಲೆ ತಗ್ಗಿಸಿ ಸಮವಸ್ತ್ರದ ನೆರಿಗೆಯನ್ನು ಒತ್ತುತ್ತಿದ್ದಳು. "ಹೋಗ್ಲಿ ಬಿಡಪ್ಪ" ಎಂದಳು. "ನಾನು ಚಿಕ್ಕಪ್ಪನ ಅಂಗಡಿಗೇ ಹೋಗ್ತೀನಿ."

ಮೊಳೆಗಳು ಸದ್ದು ಮಾಡುತ್ತ ಡಬ್ಬಿಗೆ ಮರಳಿ ಬಿದ್ದವು.

"ದೊಡ್ಡವಳು ಆಸ್ಪತ್ರೆಯಲ್ಲಿದಾಳೆ ಮೇಡಂ" ಎಂದರು ಸೀಟಿನವರು. "ಮನಸ್ಸಿನ ಕಾಯಿಲೆ. ಮೂರು ವರ್ಷ ಆಯ್ತು. ಕೆಲಸ, ಸಂಬಳ, ಎಲ್ಲ ನಾನು ಕಟ್ಟಿದ ಕಥೆ."

ಗಿರಣಿಯವರು ಹೇಳಿಕೆ ತಿದ್ದಿಸಿ, ಹಿಟ್ಟಿನ ಬೆರಳಲ್ಲೇ ಪೆನ್ನು ಹಿಡಿದು ಸಹಿ ಹಾಕಿದರು.

"ಆಸ್ಪತ್ರೆಯ ಪತ್ರ ನಾಳೆ ಸಂಜೆಯೊಳಗೆ ನಂಗೆ ತಲುಪಬೇಕು" ಎಂದರು ಮೇಡಂ. ದನಿ ಮೆತ್ತಗಾಗಿತ್ತು. "ನಾನು ಕಂಡದ್ದನ್ನ ಬರೀತೀನಿ. ಆದ್ರೆ ಒಂದು ಸಲ ಹೀಗೆ, ಒಂದು ಸಲ ಹಾಗೆ ಅಂದ್ರೆ ಸಮಿತಿಯವರು ಏನಂತಾರೋ, ನನ್ನ ಕೈಲಿಲ್ಲ."

ಅವರು ಹೋದರು. ಡ್ರೈವರ್ ಸೀಟಿನವರ ಮುಖ ನೋಡದೆ, "ಸೀಟು ಸಂಜೆ ತಗೋತೀನಿ" ಎಂದು ಹೊರಟ. ಗಿರಣಿಯವರು ಹೊಸ್ತಿಲಲ್ಲೇ ನಿಂತು, "ನನ್ನಿಂದ ಒಂದು ಮಾತೂ ಹೊರಗೆ ಹೋಗಲ್ಲ ಅಣ್ಣ" ಎಂದರು. ಸೀಟಿನವರು ಅದನ್ನು ನಂಬಿದರು. ಆದರೆ ವ್ಯಾನು ಆಗಲೇ ತಿರುವು ದಾಟಿತ್ತು. ಊರಿನ ಬಾಯೂ ಒಂದು ಗಿರಣಿಯೇ; ಅದಕ್ಕೆ ಬಿದ್ದ ಕಾಳು ಕಾಳಾಗಿ ಹೊರಗೆ ಬರುವುದುಂಟೇ?

ಹೆಂಡತಿ ಬೆಳಗಿನ ಬಸ್ಸಿಗೇ ಆಸ್ಪತ್ರೆಗೆ ಹೋಗಿದ್ದರೂ ಅಲ್ಲಿನ ಕಾಗದಗಳಲ್ಲಿದ್ದದ್ದು ಸೀಟಿನವರ ಸಹಿ; ಪತ್ರ ತರಲು ಅವರೇ ಹನ್ನೆರಡರ ಬಸ್ಸು ಹಿಡಿಯಬೇಕಿತ್ತು. ಅರ್ಧ ಎಳೆದ ರೆಕ್ಸಿನ್ ತಣ್ಣಗಾಗಿ ಸೆಟೆದುಕೊಂಡಿತ್ತು. ಸೀಟಿನವರು ಹೊಡೆದ ಮೊಳೆಗಳನ್ನೆಲ್ಲ ಒಂದೊಂದಾಗಿ ಕೀಳತೊಡಗಿದರು. ಚಿಕ್ಕವಳು ಸ್ಟೂಲಿನಿಂದ ಇಳಿದು ಬಂದು ಒಂದು ಅಂಚು ಹಿಡಿದುಕೊಂಡಳು.

"ಅಪ್ಪ, ಕೆಲಸದಲ್ಲಿದಾಳೆ ಅಂದಿದ್ರೆ ಸಾಕಿತ್ತು. ಸಂಬಳ ಎಷ್ಟು ಅಂತ ಯಾಕೆ ಹೇಳೋಕೆ ಹೋದೆ? ಅದೂ ತೂಕ ಹಾಕಿದ ಹಾಗೆ?"

ಸೀಟಿನವರು ಕೊನೆಯ ಮೊಳೆ ಕಿತ್ತು ಡಬ್ಬಿಗೆ ಹಾಕಿದರು.

"ಅದೊಂದು ನಾನು ಕಟ್ಟಿದ್ದಲ್ಲ ಕಣೇ. ಕಾಲೇಜಿಗೆ ಸೇರಿದ ದಿನ ಸಂಜೆ ನಿಮ್ಮಕ್ಕ ಇಲ್ಲಿಗೆ ಬಂದು, ನೀನು ಹಿಡಿದಿದೀಯಲ್ಲ, ಹೀಗೇ ಅಂಚು ಹಿಡಿದು ನಿಂತಿದ್ಲು. 'ಓದು ಮುಗಿಸಿ ಮೊದಲನೇ ತಿಂಗಳು ಎಷ್ಟು ತಂದು ನಿನ್ನ ಕೈಗೆ ಹಾಕ್ತೀನಿ, ಹೇಳು ನೋಡಣ' ಅಂದ್ಲು. ನನ್ನ ಬಾಯಲ್ಲಿ ಮೊಳೆ ಇತ್ತು. ಎಷ್ಟು ಅಂತ ಹುಬ್ಬು ಹಾರಿಸಿದೆ. ಅವಳೇ ಹೇಳಿದ್ಲು, ಅಷ್ಟು ಜೋರಾಗಿ, ಗಿರಣಿಗೂ ಕೇಳಿಸಿರಬೇಕು: ಮೂವತ್ತೆರಡು ಸಾವಿರ."